ಮೂರು ಕಂಪನಿಗಳು, ಒಂದು ಪಟಾಲಮ್

ಹೋತವೊಂದು ಸೈನ್ಯದಲ್ಲಿ ನೌಕರಿ ಮಾಡುತ್ತದೆಯೆಂದರೆ ನಮ್ಮ ಮನೆಯಲ್ಲಿ ಯಾರೂ ನಂಬಲಿಲ್ಲ. ಆದರೆ ಕೆನಡಾದಿಂದ ರಜೆಗೆಂದು ತುಮಕೂರಿಗೆ ಬಂದಿದ್ದ ನನ್ನ ಸೋದರಳಿಯನ ಬಳಿ ಅದರ ಚಿತ್ರವಿತ್ತು. ಕ್ವಿಬೆಕ್ ನಗರದ ಕೋಟೆಯ ಅಂಗಳ; ಕೆಂಪು ಅಂಗಿ ತೊಟ್ಟು, ಕರಡಿಯ ತುಪ್ಪಳದ ಎತ್ತರವಾದ ಟೋಪಿ ಧರಿಸಿದ ಸಿಪಾಯಿಗಳ ಸಾಲು; ಆ ಸಾಲಿನ ಜೊತೆಯಲ್ಲಿ ಮೈಮೇಲೆ ಜೂಲು ಹೊದ್ದು, ಕೊಂಬುಗಳಿಗೆ ಹೊಂಬಣ್ಣ ಬಳಿಸಿಕೊಂಡು, ಮದುವೆಯ ಗಂಡಿನಂತೆ ಗಂಭೀರವಾಗಿ ನಿಂತಿದ್ದ ಒಂದು ಬಿಳಿಯ ಹೋತ.

"ಇವನ ಹೆಸರು ಬಾಟೀಸ್, ಮಾವ. 1955ರಲ್ಲಿ ಎಲಿಜಬೆತ್ ರಾಣಿ ಮೊದಲನೆಯ ಹೋತವನ್ನು ಈ ರೆಜಿಮೆಂಟಿಗೆ ಕೊಟ್ಟಳು. ಅಂದಿನಿಂದ ಒಂದಾದ ಮೇಲೊಂದು ಬಂದ ಎಲ್ಲ ಹೋತಗಳಿಗೂ ಇದೇ ಹೆಸರು" ಎಂದು ಅಳಿಯ ವಿವರಿಸಿದ.

"ನಮ್ಮ ಕಡೆ ಹುಟ್ಟಿದ್ದರೆ ಪಾಪ, ಮಾರಿಹಬ್ಬ ದಾಟುತ್ತಿರಲಿಲ್ಲ" ಎಂದು ನನ್ನಾಕೆ ಮರುಗಿದಳು.

ಆ ರೆಜಿಮೆಂಟಿನ ಹೆಸರು ರಾಯಲ್ ಇಪ್ಪತ್ತೆರಡನೆಯ ರೆಜಿಮೆಂಟು. ಇಂಗ್ಲಿಷ್ ಮಾತೇ ಮೇಲುಗೈಯಾಗಿದ್ದ ಕೆನಡಾದ ಸೈನ್ಯದಲ್ಲಿ ಫ್ರೆಂಚ್ ಮನೆಮಾತಿನ ತರುಣರು ಅಲ್ಲೊಬ್ಬ ಇಲ್ಲೊಬ್ಬನಾಗಿ ಚದರಿಹೋಗಿದ್ದ ಕಾಲದಲ್ಲಿ, ಮೊದಲನೆಯ ಮಹಾಯುದ್ಧ ಆರಂಭವಾದ 1914ರ ಅಕ್ಟೋಬರಿನಲ್ಲಿ, ಅವರಿಗೆಂದೇ ಕಟ್ಟಿದ ಪದಾತಿದಳ ಅದು. 1916ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿನ ಕೂರ್ಸೆಲೆಟ್ ಗ್ರಾಮವನ್ನು ಹಿಡಿದು, ಬಹಳ ಜೀವಗಳನ್ನು ತೆತ್ತು ಹೆಸರು ಗಳಿಸಿತು. 1921ರಲ್ಲಿ "ರಾಯಲ್" ಎಂಬ ಬಿರುದು ಬಂತು. 1928ರಲ್ಲಿ ಅದರ ಹೆಸರನ್ನೇ ಫ್ರೆಂಚಿಗೆ ತಿರುಗಿಸಿ ಬರೆಯಲಾಯಿತು. ಕ್ವಿಬೆಕ್ ಕೋಟೆಯಲ್ಲಿ ಕಾವಲು ಬದಲಾಗುವ ಮೆರವಣಿಗೆಯ ಆಜ್ಞೆಗಳು ಇಂದಿಗೂ ಫ್ರೆಂಚಿನಲ್ಲಿಯೇ ಕೇಳಿಬರುತ್ತವೆ. ಅವರ ಧ್ಯೇಯವಾಕ್ಯದ ಅರ್ಥ, "ನಾನು ನೆನೆಯುತ್ತೇನೆ" ಎಂದು.

"ನಮ್ಮ ಸೀಮೆಗೆ ಇಂಥ ಫ್ರೆಂಚ್ ಮಾತಿನ ಪಟಾಲಮ್ ಯಾವತ್ತಾದರೂ ಬಂದಿತ್ತೇ ಮಾವ?" ಎಂದು ಅಳಿಯ ಕೇಳಿದ. ಕೇಳಿದ ಧಾಟಿಯಲ್ಲಿ, ಬಂದಿರಲಾರದು ಎಂಬ ನಂಬಿಕೆಯೇ ಹೆಚ್ಚಾಗಿತ್ತು.

"ಬಂದಿತ್ತು. ಬಂದು ಶ್ರೀರಂಗಪಟ್ಟಣದಲ್ಲಿ ತನ್ನ ಗೋರಿಗಳನ್ನೂ ಬಿಟ್ಟುಹೋಗಿದೆ. ನಾಳೆ ಬೆಳಿಗ್ಗೆ ಬೇಗ ಎದ್ದರೆ ತೋರಿಸುತ್ತೇನೆ" ಎಂದೆ.

ಹೀಗೆ ನಾನು, ನನ್ನಾಕೆ, ಮಗಳು, ಅಳಿಯ ನಾಲ್ವರೂ ಹೊರಟೆವು. ಶ್ರೀರಂಗಪಟ್ಟಣಕ್ಕೆ ನೇರವಾದ ದಾರಿಯೆಂದರೆ ದಕ್ಷಿಣದ ಕುಣಿಗಲ್ ರಸ್ತೆ. ಆದರೆ ಮಗಳಿಗೆ ಗುಬ್ಬಿ ವೀರಣ್ಣನವರ ಊರನ್ನು ತೋರಿಸುವೆನೆಂದು ಬಹಳ ದಿನದಿಂದ ಮಾತು ಕೊಟ್ಟಿದ್ದೆ. ಆದ್ದರಿಂದ ಮೊದಲು ಪಶ್ಚಿಮಕ್ಕೆ ಗುಬ್ಬಿ, ಅಲ್ಲಿಂದ ಹಿಂದಿರುಗಿ ಕುಣಿಗಲ್, ಅಲ್ಲಿಂದ ಮುಂದೆ ಕಾವೇರಿ ಎಂದು ನಿಶ್ಚಯವಾಯಿತು. ಕ್ಯಾತಸಂದ್ರದ ತಟ್ಟೆ ಇಡ್ಲಿಯನ್ನು ಹಿಂದಿನ ದಿನವೇ ತಂದಿರಿಸಿದ್ದರಿಂದ ಉಪಾಹಾರದ ಯೋಚನೆಯಿರಲಿಲ್ಲ.

ತುಮಕೂರಿಗೆ ಆ ಹೆಸರು ತುಂಬೆಯ ಹೂವಿನಿಂದ ಬಂತೆಂದು ಕೆಲವರು, ತಮಟೆಯಿಂದ ಬಂತೆಂದು ಕೆಲವರು ಹೇಳುತ್ತಾರೆ. ಆ ದಿನದ ಪ್ರಯಾಣಕ್ಕೆ ತಮಟೆಯ ಕಥೆಯೇ ನನಗೆ ಒಪ್ಪಿತವಾಯಿತು. ಪದಾತಿದಳದ ಮೊದಲ ಆಯುಧ ಕೋವಿಯಲ್ಲ, ಚರ್ಮವಾದ್ಯ. ಹೆಜ್ಜೆಗೆ ಹೆಜ್ಜೆ ಕೂಡಿಸುವುದು, ಏಳಿಸುವುದು, ಉಣ್ಣಲು ಕರೆಯುವುದು, ಮುನ್ನುಗ್ಗಿಸುವುದು ಎಲ್ಲವೂ ಹಿಂದಿನ ಕಾಲದಲ್ಲಿ ಡೋಲಿನ ಸದ್ದಿನಿಂದಲೇ ನಡೆಯುತ್ತಿತ್ತು. ಬಂದೂಕಿನ ಹೊಗೆಯಲ್ಲಿ ಕಣ್ಣು ಕಾಣದಿದ್ದಾಗ ಕಿವಿಯೇ ಸಿಪಾಯಿಯ ಕಣ್ಣು.

ಗುಬ್ಬಿ ತುಮಕೂರಿನಿಂದ ಸುಮಾರು 20 ಕಿಲೋಮೀಟರು. ತೆಂಗು ಅಡಿಕೆಗಳ ನಡುವೆ ಸಾಗುವ ದಾರಿ. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಈ ಊರನ್ನು ವ್ಯಾಪಾರದ ಸ್ಥಳವೆಂದು ಬಣ್ಣಿಸಿದ್ದಾನೆ. ಆದರೆ ಕನ್ನಡಿಗರ ಮನಸ್ಸಿನಲ್ಲಿ ಗುಬ್ಬಿಯೆಂದರೆ ಸಂತೆಯಲ್ಲ, ನಾಟಕ. 1884ರಲ್ಲಿ ಇಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಸಂಘವು ಜನರ ಬಾಯಲ್ಲಿ "ಗುಬ್ಬಿ ಕಂಪನಿ" ಆಯಿತು. ಬಾಲನಟನಾಗಿ ಸೇರಿದ ವೀರಣ್ಣನವರು ಅದರ ಯಜಮಾನರಾಗಿ, ಕುರುಕ್ಷೇತ್ರ ನಾಟಕದಲ್ಲಿ ನಿಜವಾದ ಆನೆ ಕುದುರೆಗಳನ್ನೇ ರಂಗದ ಮೇಲೆ ತಂದರು.

ನಾನು ಅಳಿಯನಿಗೆ ಪದಾತಿದಳದ ರಚನೆಯನ್ನು ಹೇಳುತ್ತಿದ್ದೆ: ಹತ್ತು ಮಂದಿಗೆ ಒಂದು ಸೆಕ್ಷನ್, ಮೂರು ಸೆಕ್ಷನ್ನಿಗೆ ಒಂದು ಪ್ಲಟೂನ್, ಮೂರು ಪ್ಲಟೂನಿಗೆ ಒಂದು ಕಂಪನಿ, ಕೆಲವು ಕಂಪನಿಗಳು ಕೂಡಿದರೆ ಒಂದು ಬೆಟಾಲಿಯನ್, ನಮ್ಮ ಜನರ ಬಾಯಲ್ಲಿ ಪಟಾಲಮ್. ಹಿಂದಿನ ಸೀಟಿನಿಂದ ಮಗಳು ತಡೆದಳು.

"ಅಪ್ಪ, ಕಂಪನಿ ಅಂದರೆ ಗುಬ್ಬಿ ಕಂಪನಿಯ ಹಾಗೆ ನಾಟಕದ ಕಂಪನಿಯಲ್ಲವೇ? ಸಿಪಾಯಿಗಳಿಗೆ ಏಕೆ ಆ ಹೆಸರು?"

ಮಕ್ಕಳ ಪ್ರಶ್ನೆಗಳು ಕೆಲವು ಸಲ ಪಂಡಿತರನ್ನು ಮೀರಿಸುತ್ತವೆ. ನಮ್ಮ ಚರಿತ್ರೆಯಲ್ಲಿ ಕಂಪನಿ ಎಂಬ ಮಾತಿಗೆ ಮೂರು ಮುಖಗಳಿವೆ. ನಾಟಕ ಆಡುವುದು ಒಂದು; ವ್ಯಾಪಾರಕ್ಕೆಂದು ಬಂದು ರಾಜ್ಯ ಕಟ್ಟಿದ್ದು ಇನ್ನೊಂದು; ನೂರು ಮಂದಿ ಸಿಪಾಯಿಗಳ ತುಕಡಿ ಮೂರನೆಯದು. ಮೂರಕ್ಕೂ ತಾಯಿಬೇರು ಒಂದೇ. ಫ್ರೆಂಚರ ಮೂಲಕ ಲೋಕಕ್ಕೆಲ್ಲ ಹರಡಿದ ಈ ಶಬ್ದದ ಬೇರು ಲ್ಯಾಟಿನ್ನಿನಲ್ಲಿದೆ. ಅದರ ಅರ್ಥ, "ಜೊತೆಯಲ್ಲಿ ಕುಳಿತು ರೊಟ್ಟಿ ತಿನ್ನುವವರು" ಎಂದು. ನಮ್ಮ ಮಾತಿನಲ್ಲಿ ಹೇಳುವುದಾದರೆ ಒಂದೇ ಪಂಕ್ತಿಯವರು. ನಾಟಕದ ಕಂಪನಿಯೂ ಹಾಗೆಯೇ ಅಲ್ಲವೇ? ಯಜಮಾನ, ನಟರು, ಹಾರ್ಮೋನಿಯಂ ಮಾಸ್ತರು, ಅಡಿಗೆಯವನು, ಹೆಂಡಿರು ಮಕ್ಕಳು, ಗಾಡಿಗಟ್ಟಲೆ ಸಾಮಾನು ಎಲ್ಲ ಸೇರಿ ಊರಿಂದ ಊರಿಗೆ ಹೋಗುವ ಸಂಸಾರ. ಹಳೆಯ ಕಾಲದ ರೆಜಿಮೆಂಟೂ ಇಂಥದೇ ಸಂಚಾರಿ ಸಂಸಾರ. ಈ ಮಾತನ್ನು ವಾಚಕರು ಸ್ವಲ್ಪ ನೆನಪಿಟ್ಟುಕೊಳ್ಳಬೇಕೆಂದು ಕೋರುತ್ತೇನೆ. ಕಾವೇರಿಯ ದಡದಲ್ಲಿ ಅದು ಮತ್ತೆ ಎದುರಾಗುತ್ತದೆ.

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರವರಿ 6ರಂದು ಹಿಂದೂಸ್ತಾನ್ ಏರೋನಾಟಿಕ್ಸಿನ ಹೆಲಿಕಾಪ್ಟರ್ ಕಾರ್ಖಾನೆಯ ಉದ್ಘಾಟನೆಯಾಯಿತು. ನಮ್ಮ ಸೇನೆಯಲ್ಲಿ ದೀರ್ಘಕಾಲ ದುಡಿದ ಚೇತಕ್, ಚೀತಾ ಹೆಲಿಕಾಪ್ಟರುಗಳು ಫ್ರೆಂಚ್ ವಿನ್ಯಾಸದವು. ಅವುಗಳ ಸ್ಥಾನ ತುಂಬಲೆಂದು ಈ ದೇಶದಲ್ಲೇ ರೂಪಿಸಿದ ಹಗುರ ಹೆಲಿಕಾಪ್ಟರಿಗಾಗಿ ಈ ಕಾರ್ಖಾನೆ. "ಹಾಗಾದರೆ ಫ್ರೆಂಚರ ಪಾಠ ಇಲ್ಲಿಗೆ ಹೊಸದಲ್ಲ" ಎಂದು ಅಳಿಯ ನಕ್ಕ. ಹೊಸದಲ್ಲವೆಂಬುದಕ್ಕೆ ಇನ್ನೂ ಹಳೆಯ ಸಾಕ್ಷಿ ಕುಣಿಗಲ್ಲಿನಲ್ಲಿತ್ತು.

ತುಮಕೂರಿಗೆ ಹಿಂದಿರುಗಿ, ಹೆಬ್ಬೂರಿನ ಮೇಲೆ ಹಾದು ಕುಣಿಗಲ್ ಸೇರುವ ಹೊತ್ತಿಗೆ ಬಿಸಿಲು ಏರಿತ್ತು. ಜನಪದರು ಹಾಡು ಕಟ್ಟಿ ಹೊಗಳಿದ ಕೆರೆಯ ಏರಿಯ ಮೇಲೆ ನಿಂತು ಇಡ್ಲಿಯ ಬುತ್ತಿ ಬಿಚ್ಚಿದೆವು. ಊರಿನ ಇನ್ನೊಂದು ಹಿರಿಮೆ ಇಲ್ಲಿಯ ಕುದುರೆ ಫಾರಂ. ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಅಶ್ವದಳಕ್ಕೆ ಕುದುರೆಗಳನ್ನು ಬೆಳೆಸಿದ ತಾಣವಿದು. ಬಳಿಕ ಮೈಸೂರು ಸಂಸ್ಥಾನದ ಕುದುರೆಗಳೂ ಪಂದ್ಯದ ಕುದುರೆಗಳೂ ಇಲ್ಲಿ ಬೆಳೆದವು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದ ಸವಾರರಲ್ಲಿ ಮೈಸೂರು ಲ್ಯಾನ್ಸರುಗಳಿದ್ದುದನ್ನು ಎಲ್ಲರೂ ಬಲ್ಲರು. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನದು.

ಕುದುರೆಗೆ ಹಾಡಿದೆ, ಪ್ರತಿಮೆಯಿದೆ. ಕಾಲ್ನಡಿಗೆಯವನಿಗೆ?

ಮೈಸೂರಿನ ಪದಾತಿಯ ಹಳೆಯ ಬೇರು ಕಂದಾಚಾರ. ಹಳ್ಳಿಹಳ್ಳಿಯಲ್ಲಿ ಹೊಲ ಉಳುತ್ತ, ಕರೆ ಬಂದಾಗ ಆಯುಧ ಹಿಡಿದು ಹೊರಡುತ್ತಿದ್ದ ಜನರ ವ್ಯವಸ್ಥೆ ಅದು. ಅದರ ಮೇಲೆ ಹೈದರನು ಯೂರೋಪಿನ ಮಾದರಿಯ ಕವಾಯತು ಕಲಿತ ದಳಗಳನ್ನು ಕಟ್ಟಿದ. ಕಲಿಸಿದವರಲ್ಲಿ ಫ್ರೆಂಚರು ಬಹಳ ಮಂದಿ. ಲಾಲಿ ಎಂಬ ಸರದಾರನ ತುಕಡಿಯಂತೂ ಆ ಕಾಲದ ಯುದ್ಧಗಳಲ್ಲೆಲ್ಲ ಹೆಸರಾಗಿತ್ತು. ಟಿಪ್ಪು ಈ ಪದಾತಿಗೆ ತನ್ನದೇ ಆದ ರೂಪ ಕೊಟ್ಟ. ಬ್ರಿಗೇಡಿಗೆ ಕುಶೂನ್, ಅದರ ಕೆಳಗಿನ ದಳಕ್ಕೆ ರಿಸಾಲೆ, ಕಂಪನಿಗೆ ಜೂಕ್ ಎಂದು ಹೆಸರು. ಕುಶೂನಿನ ಮುಖ್ಯಸ್ಥ ಸಿಪಾಹ್‌ದಾರ. ಕವಾಯತಿನ ಆಜ್ಞಾಪದಗಳನ್ನು ಪಾರಸಿಗೆ ತಿರುಗಿಸಿ, ಅದಕ್ಕೆಂದೇ "ಫತ್‌ಹುಲ್ ಮುಜಾಹಿದೀನ್" ಎಂಬ ಕೈಪಿಡಿಯನ್ನು ಬರೆಯಿಸಿದ. ತನ್ನ ಸೈನ್ಯಕ್ಕೆ ಪರಭಾಷೆಯ ಆಜ್ಞೆ ಸಲ್ಲದೆಂಬ ಅವನ ಅಭಿಮಾನಕ್ಕೂ, ಕ್ವಿಬೆಕ್ಕಿನ ರೆಜಿಮೆಂಟು ತನ್ನ ಹೆಸರನ್ನು ಫ್ರೆಂಚಿಗೆ ತಿರುಗಿಸಿಕೊಂಡ ಅಭಿಮಾನಕ್ಕೂ ಏನೋ ಹೋಲಿಕೆಯಿದೆ. ಒಂದೇ ವ್ಯತ್ಯಾಸ: ಕುಣಿಗಲ್ಲಿನ ಕಡೆಯ ಕಂದಾಚಾರದವನಿಗೆ ಫ್ರೆಂಚ್ ಎಷ್ಟು ದೂರವೋ ಪಾರಸಿಯೂ ಅಷ್ಟೇ ದೂರ.

ಕುಣಿಗಲ್ ದಾಟಿ ಮದ್ದೂರಿನ ದಾರಿ ಹಿಡಿದಾಗ ಹುಲಿಯೂರುದುರ್ಗದ ಬೆಟ್ಟ ಬಟ್ಟಲು ಬೋರಲು ಹಾಕಿದಂತೆ ಕಾಣಿಸಿತು. ಶ್ರೀರಂಗಪಟ್ಟಣವನ್ನು ಮುತ್ತಲು ಹೋಗಿ ಬರಿಗೈಯಲ್ಲಿ ಹಿಂದಿರುಗಿದ ಕಾರ್ನ್‌ವಾಲಿಸನ ಸೈನ್ಯ 1791ರ ಜೂನಿನಲ್ಲಿ ಈ ದುರ್ಗವನ್ನು ಹಿಡಿಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಸಾವನದುರ್ಗ ಬಿದ್ದ ಕೆಲವೇ ದಿನಗಳಲ್ಲಿ, ಇದೇ ಕುಣಿಗಲ್ ಸೀಮೆಯ ಹುತ್ರಿದುರ್ಗವೂ ಅವರ ವಶವಾಯಿತು. ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಸಾಮಗ್ರಿ ಸಾಗುವ ಹಾದಿಯ ಮಗ್ಗುಲಲ್ಲಿ ಶತ್ರುವಿನ ಕೋಟೆಗಳು ಉಳಿಯಬಾರದೆಂಬುದೇ ಆ ಕಾರ್ಯಾಚರಣೆಯ ಉದ್ದೇಶ. ಆ ಬೆಟ್ಟಗಳ ಮೇಲೆ ಸತ್ತವರು ಯಾರು, ಯಾವ ಹಳ್ಳಿಯವರು, ಅವರ ಮನೆಗೆ ಸುದ್ದಿ ತಲುಪಿಸಿದವರು ಯಾರು? ಬೆಟ್ಟವನ್ನು ಕೇಳಬೇಕು.

ನಮ್ಮ ಪಟಾಲಮ್ ಆಗ ಇನ್ನೂ ಸಿಂಹಳದಲ್ಲಿತ್ತು. ಮದ್ದೂರಿನಲ್ಲಿ ವಡೆ ಕಾಫಿಗಳ ಮುಂದೆ ಕುಳಿತು ಅದರ ಕಥೆಯನ್ನು ಅಳಿಯನಿಗೆ ಹೇಳಿದೆ.

ಸ್ವಿಟ್ಜರ್ಲೆಂಡಿನ ಪಶ್ಚಿಮದ ಅಂಚಿನಲ್ಲಿ ನೊಶಾಟೆಲ್ ಎಂಬ ಫ್ರೆಂಚ್ ಮಾತಿನ ಸೀಮೆಯಿದೆ. ಆ ಕಾಲಕ್ಕೆ ಅದು ಪ್ರಷ್ಯದ ಅರಸನಿಗೆ ಸೇರಿದ್ದ ಪುಟ್ಟ ಸಂಸ್ಥಾನ. ಬೆಟ್ಟದ ನಾಡು, ಹೊಲ ಕಡಿಮೆ, ಗಂಡುಮಕ್ಕಳು ಹೆಚ್ಚು. ಪರದೇಶದ ದೊರೆಗಳಿಗೆ ಸಿಪಾಯಿಗಳಾಗಿ ದುಡಿಯುವುದು ಸ್ವಿಸ್ ಜನರಿಗೆ ಶತಮಾನಗಳ ಕಸುಬಾಗಿತ್ತು; ಪೋಪರ ಅರಮನೆಯ ಕಾವಲಿಗೆ ಇಂದಿಗೂ ಅವರೇ. ನೊಶಾಟೆಲ್ಲಿನ ಷಾರ್ಲ್ ದಾನಿಯಲ್ ದ ಮ್ಯೂರೋನ್ ಎಂಬ ಸರದಾರ 1781ರಲ್ಲಿ ಡಚ್ಚರ ಈಸ್ಟ್ ಇಂಡಿಯಾ ಕಂಪನಿಯೊಡನೆ ಕರಾರು ಮಾಡಿಕೊಂಡು ಒಂದು ಪದಾತಿ ರೆಜಿಮೆಂಟನ್ನು ಕಟ್ಟಿದ. ಅದಕ್ಕೆ ಅವನದೇ ಹೆಸರು. ರೆಜಿಮೆಂಟೆಂಬುದು ಆಗ ಯಜಮಾನನ ಸ್ವತ್ತು, ಥೇಟ್ ನಾಟಕದ ಕಂಪನಿಯ ಹಾಗೆ. ಆಳುಗಳನ್ನು ಕೂಡಿಸುವುದು, ಅಂಗಿ ಹೊಲಿಸುವುದು, ಅಧಿಕಾರಿಗಳನ್ನು ನೇಮಿಸುವುದು ಎಲ್ಲ ಅವನ ಹೊಣೆ. ಬಾಡಿಗೆ ಕೊಡುವವನು ಬೇರೊಬ್ಬ. ಅಧಿಕಾರಿಗಳಲ್ಲಿ ಹೆಚ್ಚಿನವರು ಫ್ರೆಂಚ್ ಮಾತಿನ ಸ್ವಿಸ್ಸರು. ಸಿಪಾಯಿಗಳಲ್ಲಿ ಸ್ವಿಸ್, ಜರ್ಮನ್, ಫ್ರೆಂಚ್ ಸೀಮೆಗಳವರೆಲ್ಲ ಬೆರೆತಿದ್ದರು. 1783ರಲ್ಲಿ ಆಫ್ರಿಕದ ತುದಿಯ ಕೇಪ್ ಮುಟ್ಟಿ, ಅಲ್ಲಿ ಕೆಲವು ವರ್ಷ ಕಾವಲಿದ್ದು, ಅನಂತರ ಡಚ್ಚರ ಸಿಂಹಳಕ್ಕೆ ಬಂದರು.

1795ರ ಹೊತ್ತಿಗೆ ಯೂರೋಪಿನಲ್ಲಿ ಹಾಲೆಂಡು ಫ್ರೆಂಚ್ ಕ್ರಾಂತಿಕಾರರ ಕೈಸೇರಿತು. ಸಿಂಹಳವನ್ನು ಹಿಡಿಯಬೇಕೆಂದು ಇಂಗ್ಲಿಷರು ಹವಣಿಸಿದರು. ಕೊಲಂಬೋ ಕೋಟೆಯ ಬಲವೆಂದರೆ ಈ ಸ್ವಿಸ್ ಪಟಾಲಮ್. ಕಾದಿ ಗೆಲ್ಲುವುದಕ್ಕಿಂತ ಕೊಂಡು ಗೆಲ್ಲುವುದು ಸುಲಭವೆಂದು ಕಂಡಿತು. ಈ ಕೆಲಸಕ್ಕೆ ಬಂದವನು ಸೇನಾಪತಿಯಲ್ಲ, ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದ ಚರಿತ್ರೆಯ ಮೇಷ್ಟ್ರು, ಹ್ಯೂ ಕ್ಲೆಗ್‌ಹಾರ್ನ್. ಅವನು ನೊಶಾಟೆಲ್ಲಿಗೆ ಹೋಗಿ ಮ್ಯೂರೋನನನ್ನು ಒಪ್ಪಿಸಿ, ಡಚ್ಚರು ಉಳಿಸಿಕೊಂಡಿದ್ದ ಸಂಬಳದ ಬಾಕಿಯನ್ನು ಇಂಗ್ಲಿಷರೇ ತೀರಿಸುವರೆಂದು ಕರಾರು ಬರೆಯಿಸಿ, ಅವನೊಡನೆಯೇ ಈಜಿಪ್ಟಿನ ಮಾರ್ಗವಾಗಿ ಇಂಡಿಯಾಕ್ಕೆ ಬಂದ. ಕೊಲಂಬೋದಲ್ಲಿ ರೆಜಿಮೆಂಟನ್ನು ನಡೆಸುತ್ತಿದ್ದವನು ಮ್ಯೂರೋನನ ತಮ್ಮ ಪಿಯೇರ್ ಫ್ರೆಡೆರಿಕ್. ಅವನಿಗೆ ಅಣ್ಣನ ಸಂದೇಶವನ್ನು ಒಂದು ಗಿಣ್ಣಿನ ಗಡ್ಡೆಯೊಳಗೆ ಬಚ್ಚಿಟ್ಟು ಕಳುಹಿಸಿದರೆಂಬ ಪ್ರತೀತಿಯಿದೆ. 1795ರ ಅಕ್ಟೋಬರಿನಲ್ಲಿ ಪಟಾಲಮ್ ಇಂಗ್ಲಿಷರ ಕಡೆಗೆ ಬಂತು. 1796ರ ಫೆಬ್ರವರಿಯಲ್ಲಿ ಕೊಲಂಬೋ ಶರಣಾಯಿತು. ಆ ಮೇಷ್ಟ್ರ ಮೊಮ್ಮಗ, ಅದೇ ಹೆಸರಿನ ವೈದ್ಯ ಹ್ಯೂ ಕ್ಲೆಗ್‌ಹಾರ್ನ್, ಮುಂದೆ ನಮ್ಮ ಶಿವಮೊಗ್ಗದ ಕಾಡುಗಳಲ್ಲಿ ಅಲೆದು, ಮದರಾಸಿನ ಅರಣ್ಯ ಇಲಾಖೆಯ ಆದಿಪುರುಷನಾದ ಎಂಬುದು ಇನ್ನೊಂದು ಕಥೆ.

"ಹಾಗಾದರೆ ಇವರು ಉಂಡ ಮನೆಗೆ ಎರಡು ಬಗೆದರಲ್ಲ" ಎಂದಳು ನನ್ನಾಕೆ.

ಆ ಮಾತು ದಾರಿಯುದ್ದಕ್ಕೂ ನನ್ನನ್ನು ಕೊರೆಯಿತು. ನಮ್ಮ ಪೂರ್ವಿಕರು ಜೋಳವಾಳಿ ಎನ್ನುತ್ತಿದ್ದರು: ಒಡೆಯನ ಜೋಳವುಂಡವನು ಅವನಿಗಾಗಿ ಪ್ರಾಣ ತೆತ್ತು ಆ ಋಣ ತೀರಿಸಬೇಕು. ಹಳಗನ್ನಡ ಕಾವ್ಯದ ಕರ್ಣನಿಂದ ಹಿಡಿದು ಹಳ್ಳಿಯ ವೀರಗಲ್ಲಿನವರೆಗೆ ಅದೇ ಧರ್ಮ. ಈ ಸ್ವಿಸ್ಸರದು ಜೋಳವಾಳಿಯಲ್ಲ, ಕರಾರು. ಜೋಳವನ್ನು ಸರಿಯಾಗಿ ಅಳೆಯದವನ ಋಣ ನಮಗಿಲ್ಲವೆಂದರು. ಅದು ತಪ್ಪೋ ಸರಿಯೋ, ಒಂದನ್ನು ಮಾತ್ರ ಗಮನಿಸಬೇಕು. ಒಡೆಯ ಬದಲಾದ, ಆದರೆ ಪಂಕ್ತಿ ಮುರಿಯಲಿಲ್ಲ. ಕೊಲಂಬೋದಲ್ಲಿ ಜೊತೆಗೆ ಉಂಡವರೇ ಮದರಾಸಿನಲ್ಲಿಯೂ ಜೊತೆಗೆ ಕುಳಿತರು.

1799ರಲ್ಲಿ ಜನರಲ್ ಹ್ಯಾರಿಸನ ಸೈನ್ಯದೊಂದಿಗೆ ಅವರು ಮೈಸೂರಿಗೆ ಬಂದರು. ಮಾರ್ಚ್ 27ರಂದು ಮಳವಳ್ಳಿಯ ಬಳಿ ಯುದ್ಧ. ಏಪ್ರಿಲ್ ತಿಂಗಳು ಶ್ರೀರಂಗಪಟ್ಟಣದ ಮುತ್ತಿಗೆ. ಮೇ 4ರ ಮಧ್ಯಾಹ್ನ ಕಾವೇರಿಯನ್ನು ದಾಟಿ ಕೋಟೆಯ ಬಿರುಕಿಗೆ ಲಗ್ಗೆ. ಆ ಕಾಲದ ಪದಾತಿ ಬೆಟಾಲಿಯನ್ನಿನಲ್ಲಿ ಹತ್ತು ಕಂಪನಿಗಳು. ಬಲಗೊನೆಯಲ್ಲಿ ಎತ್ತರದ ಗಟ್ಟಿ ಆಳುಗಳ ಗ್ರೆನೇಡಿಯರ್ ಕಂಪನಿ, ಎಡಗೊನೆಯಲ್ಲಿ ಚುರುಕು ಗುರಿಕಾರರ ಲೈಟ್ ಕಂಪನಿ, ನಡುವೆ ಎಂಟು. ಲಗ್ಗೆಯಂಥ ಕಠಿಣ ಕೆಲಸಕ್ಕೆ ಈ ಎರಡು ಕೊನೆಯ ಕಂಪನಿಗಳನ್ನೇ ಆರಿಸುವುದು ವಾಡಿಕೆ. ಅಂದೂ ಮ್ಯೂರೋನ್ ರೆಜಿಮೆಂಟಿನ ಈ ಕಂಪನಿಗಳು ಲಗ್ಗೆಯ ಸಾಲಿನಲ್ಲಿದ್ದವು. ಕೋಟೆಯೊಳಗೆ ಟಿಪ್ಪುವಿನ ನೌಕರಿಯಲ್ಲಿ ಫ್ರೆಂಚರ ಸಣ್ಣ ತುಕಡಿಯೂ ಇತ್ತು. ಗೋಡೆಯ ಹೊರಗೂ ಫ್ರೆಂಚ್, ಒಳಗೂ ಫ್ರೆಂಚ್. ಆದರೆ ಸಂಜೆಯ ಹೊತ್ತಿಗೆ ಬಿದ್ದಿದ್ದ ಸಾವಿರಾರು ಹೆಣಗಳಲ್ಲಿ ಬಹುಪಾಲು ನಮ್ಮವೇ. ಸುಲ್ತಾನನೂ ಅವರ ನಡುವೆಯೇ ಸಿಕ್ಕಿದ.

ಗ್ಯಾರಿಸನ್ ಸ್ಮಶಾನ ಶ್ರೀರಂಗಪಟ್ಟಣದಲ್ಲಿ ಬೆಂಗಳೂರು ಮೈಸೂರು ಹಳೆಯ ಹೆದ್ದಾರಿಯಿಂದ ಸ್ವಲ್ಪವೇ ಒಳಗೆ, ಕಾವೇರಿಯ ದಡದಲ್ಲಿದೆ. ನಿಮಿಷಾಂಬೆಗೆ, ಸಂಗಮಕ್ಕೆ ಹೋಗುವ ಯಾತ್ರಿಕರಲ್ಲಿ ನೂರಕ್ಕೊಬ್ಬರೂ ಇತ್ತ ತಿರುಗುವುದಿಲ್ಲ. ನಾವು ಹೋದಾಗ ಮರದ ನೆರಳು, ಹೊಳೆಯ ಗಾಳಿ, ಎರಡು ಆಡುಗಳು, ಇಷ್ಟೇ ಇದ್ದವು. ಆಡುಗಳನ್ನು ಕಂಡು "ಬಾಟೀಸ್!" ಎಂದು ಮಗಳು ಕೂಗಿದಳು.

ಸುಮಾರು 300 ಗೋರಿಗಳು. ಇಟ್ಟಿಗೆ ಗಾರೆಯ ಕಟ್ಟೆಗಳು, ಕಂಬಗಳು, ಅಲ್ಲಲ್ಲಿ ಹೆಸರು ಕೊರೆದ ಕಲ್ಲುಗಳು. ಮ್ಯೂರೋನ್ ರೆಜಿಮೆಂಟಿನವರು ಯುದ್ಧದ ನಂತರವೂ ಇಲ್ಲಿಯೇ ಕಾವಲಿದ್ದರು. ಮಡಿದವರಲ್ಲಿ ಲಗ್ಗೆಯ ಗಾಯದವರಷ್ಟೇ ಅಲ್ಲ. ಈ ದ್ವೀಪದ ಜ್ವರ ಆಗ ಕುಖ್ಯಾತವಾಗಿತ್ತು. ಅದರ ಕಾಟ ತಾಳಲಾರದೆಯೇ ಇಂಗ್ಲಿಷರು 1809ರಲ್ಲಿ ದಂಡನ್ನು ಬೆಂಗಳೂರಿಗೆ ಸಾಗಿಸಿದರು. ಅಧಿಕಾರಿಗಳ ಪಕ್ಕದಲ್ಲಿ ಅವರ ಹೆಂಡಿರು, ಹೆಂಡಿರ ಪಕ್ಕದಲ್ಲಿ ಮಕ್ಕಳು. ನನ್ನಾಕೆ ಒಂದು ಕಿರಿದಾದ ಗೋರಿಯ ಮುಂದೆ ಬಹಳ ಹೊತ್ತು ನಿಂತಳು. ಅದರ ಉದ್ದ ನಮ್ಮ ಮನೆಯ ತೊಟ್ಟಿಲಿಗಿಂತ ಹೆಚ್ಚಿರಲಿಲ್ಲ. "ಈ ಮಗು ಯಾವ ಕರಾರಿಗೆ ರುಜು ಹಾಕಿತ್ತು?" ಎಂದಳು. ಬೆಳಿಗ್ಗೆ ಸಂಚಾರಿ ಸಂಸಾರವೆಂದು ನಾನು ಹಗುರವಾಗಿ ಆಡಿದ ಮಾತು ಈಗ ಭಾರವಾಯಿತು.

ಈ ಸ್ಮಶಾನ ಎಷ್ಟೋ ಕಾಲ ಪಾಳುಬಿದ್ದಿತ್ತು. 2007, 2008ರಲ್ಲಿ ಮ್ಯೂರೋನ್ ಮನೆತನದ ವಂಶಸ್ಥರು ಸ್ವಿಟ್ಜರ್ಲೆಂಡಿನಿಂದ ಬಂದು ಜೀರ್ಣೋದ್ಧಾರ ಮಾಡಿಸಿದರು. ಇನ್ನೂರು ವರ್ಷದ ಮೇಲೆಯೂ ಆ ಮನೆಯವರು ತಮ್ಮ ಪಂಕ್ತಿಯವರನ್ನು ಹುಡುಕಿಕೊಂಡು ಬಂದರು.

"ಆಮೇಲೆ ಈ ರೆಜಿಮೆಂಟು ಏನಾಯಿತು ಮಾವ?"

ಇಡೀ ದಿನ ನಾನು ಈ ಪ್ರಶ್ನೆಗಾಗಿಯೇ ಕಾದಿದ್ದೆ. "ನಿಮ್ಮ ದೇಶಕ್ಕೆ ಬಂತಪ್ಪ" ಎಂದೆ.

1806ರಲ್ಲಿ ರೆಜಿಮೆಂಟು ಇಂಡಿಯಾವನ್ನು ಬಿಟ್ಟಿತು. ಅದೇ ವರ್ಷ ಹಿರಿಯ ಮ್ಯೂರೋನ್ ಊರಿನಲ್ಲಿ ತೀರಿಕೊಂಡ. ಮೆಡಿಟರೇನಿಯನ್ ಸಮುದ್ರದ ಸೀಮೆಗಳಲ್ಲಿ ಕಾವಲಿದ್ದು, ಹಳಬರು ಕಳೆದು ಹೊಸಬರು ಬಹಳವಾಗಿ ಸೇರಿದ ಮೇಲೆ, 1813ರಲ್ಲಿ ಮಾಲ್ಟಾದಿಂದ ಹೊರಟು ಕೆನಡಾಕ್ಕೆ ಬಂತು. ಅಮೆರಿಕದವರೊಡನೆ ಇಂಗ್ಲಿಷರ ಯುದ್ಧದಲ್ಲಿ 1814ರ ಪ್ಲಾಟ್ಸ್‌ಬರ್ಗ್ ಕಾಳಗದ ದಂಡಿನಲ್ಲಿತ್ತು. 1816ರಲ್ಲಿ ಆ ಪಟಾಲಮ್ ಅಲ್ಲಿಯೇ ವಿಸರ್ಜನೆಯಾಯಿತು. ಕೆಲಸ ಕಳೆದುಕೊಂಡವರಲ್ಲಿ ನೂರಕ್ಕೆ ಸಮೀಪದಷ್ಟು ಮಂದಿಯನ್ನು ಲಾರ್ಡ್ ಸೆಲ್ಕರ್ಕ್ ಎಂಬುವನು ಭೂಮಿ ಕೊಡುವೆನೆಂದು ಹೇಳಿ, ಒಳನಾಡಿನ ರೆಡ್ ರಿವರ್ ದಂಡೆಯ ತನ್ನ ವಸಾಹತಿನ ಕಾವಲಿಗೆ ಕರೆದೊಯ್ದ. ಹಿಮದಲ್ಲಿ ನಡೆದು 1817ರ ಜನವರಿಯಲ್ಲಿ ಅಲ್ಲಿಯ ಡಗ್ಲಸ್ ಕೋಟೆಯನ್ನು ಮರಳಿ ಹಿಡಿದರು. ಕೋವಿ ಕೆಳಗಿಟ್ಟು ನೇಗಿಲು ಹಿಡಿಯಲು ನೋಡಿದರು. 1826ರ ಮಹಾಪ್ರವಾಹ ಮನೆ ಹೊಲಗಳನ್ನು ಕೊಚ್ಚಿಕೊಂಡು ಹೋದಾಗ ಹೆಚ್ಚಿನವರು ತೆಂಕಣಕ್ಕೆ, ಅಮೆರಿಕಕ್ಕೆ ಚದರಿಹೋದರು. ಆ ಜಾಗ ಇಂದಿನ ವಿನಿಪೆಗ್ ನಗರ. ಅದರ ಒಂದು ಭಾಗಕ್ಕೆ ಸೇಂಟ್ ಬೋನಿಫೇಸ್ ಎಂಬ ಹೆಸರು ಉಳಿದಿದೆ. ಆ ಸಂತ ಜರ್ಮನರಿಗೆ ಪ್ರಿಯನೆಂದು, ಈ ಮಾಜಿ ಸಿಪಾಯಿಗಳಲ್ಲಿದ್ದ ಜರ್ಮನ್ ಕ್ಯಾಥೊಲಿಕರಿಗಾಗಿ 1818ರಲ್ಲಿ ಪಾದ್ರಿಯೊಬ್ಬರು ಇಗರ್ಜಿಗೆ ಆ ಹೆಸರಿಟ್ಟರು.

ಅಳಿಯ ಮಾತಾಡಲಿಲ್ಲ. ಜೇಬಿನಿಂದ ಫೋನು ತೆಗೆದು ಕ್ವಿಬೆಕ್ಕಿನ ಆ ಚಿತ್ರವನ್ನು ಮತ್ತೆ ನೋಡಿದ. ಸ್ವಲ್ಪ ಹೊತ್ತಿನ ಮೇಲೆ, "ಅಲ್ಲಿನವರಿಗೆ ನೆನೆಯಲು ಒಂದು ಊರಿದೆ, ಮಾತಿದೆ. ಇವರಿಗೆ ಏನಿತ್ತು?" ಎಂದ.

ರಾಯಲ್ ಇಪ್ಪತ್ತೆರಡನೆಯದಕ್ಕೂ ಮ್ಯೂರೋನ್ ರೆಜಿಮೆಂಟಿಗೂ ಇರುವ ಅಂತರ ನಿಜವಾಗಿಯೂ ಅಷ್ಟೇ. ಕವಾಯತು ಎರಡಕ್ಕೂ ಇತ್ತು, ಧೈರ್ಯವೂ ಇತ್ತು, ಕೆಂಪು ಅಂಗಿಯೂ ಇತ್ತು. ಒಂದು ತನ್ನ ಜನರ ಮಾತನ್ನು ಬೆನ್ನಿಗಿಟ್ಟುಕೊಂಡು ಹುಟ್ಟಿತು. ಇನ್ನೊಂದು ಕರಾರಿನಿಂದ ಹುಟ್ಟಿ, ಕರಾರು ಮುಗಿದೊಡನೆ ಕರಗಿತು. ಆದರೂ ಅದಕ್ಕೆ ಕಾವೇರಿಯ ದಡದಲ್ಲಿ ಕಲ್ಲುಗಳಿವೆ, ಕಲ್ಲಿನ ಮೇಲೆ ಹೆಸರುಗಳಿವೆ, ಹುಡುಕಿ ಬಂದ ಬಂಧುಗಳಿದ್ದರು.

ನಮ್ಮ ಸೈನ್ಯವೂ ಕೆಲವು ನೆನಪುಗಳನ್ನು ಕಾಪಾಡಿಕೊಂಡಿದೆ. ಸಂಸ್ಥಾನದ ಮೈಸೂರು ಇನ್‌ಫೆಂಟ್ರಿ ಸ್ವಾತಂತ್ರ್ಯಾನಂತರ ಮದ್ರಾಸ್ ರೆಜಿಮೆಂಟಿನ 18ನೆಯ ಬೆಟಾಲಿಯನ್ನಾಗಿ ಮೈಸೂರಿನ ಹೆಸರನ್ನು ಉಳಿಸಿಕೊಂಡಿತು. ಲ್ಯಾನ್ಸರುಗಳು 1953ರಲ್ಲಿ ಕಟ್ಟಿದ 61ನೆಯ ಅಶ್ವದಳದಲ್ಲಿ ಸೇರಿಹೋದರು. ಆದರೆ ಹುತ್ರಿದುರ್ಗದ ಮೇಲೆ, ಹುಲಿಯೂರುದುರ್ಗದ ಮೇಲೆ, ಈ ಕೋಟೆಯ ಬಿರುಕಿನಲ್ಲಿ ಬಿದ್ದ ಕಂದಾಚಾರದವರು, ಜೂಕಿನವರು? ಅವರು ಉಂಡದ್ದು ಈ ಮಣ್ಣಿನ ರಾಗಿಯನ್ನೇ.

ಹಿಂದಿರುಗುವಾಗ ಕುಣಿಗಲ್ ದಾಟಿದ ಮೇಲೆ ಸಂಜೆಯಾಗಿತ್ತು. ರಸ್ತೆಯ ಬದಿಯ ಹಳ್ಳಿಯೊಂದರ ಹೊರಗೆ, ಅರಳಿಕಟ್ಟೆಯ ಬುಡದಲ್ಲಿ ಒಂದು ವೀರಗಲ್ಲು ನಿಂತಿತ್ತು. ಕೆಳಗೆ ಕತ್ತಿ ಹಿಡಿದ ಆಳು, ನಡುವೆ ಅವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವಲಿಂಗ. ಅಕ್ಷರ ಸವೆದಿತ್ತು. ಟಿಪ್ಪುವಿನ ಕಾಲಕ್ಕಿಂತ ಎಷ್ಟೋ ಹಳೆಯ ಕಲ್ಲು. ಯಾರದೆಂದು ಅಲ್ಲಿ ಕುಳಿತಿದ್ದ ಅಜ್ಜನನ್ನು ಕೇಳಿದೆವು.

"ಯಾರೋ ಏನೋ ಸ್ವಾಮಿ. ನಮ್ಮೋನೇ. ಹಬ್ಬದಾಗ ಎಣ್ಣೆ ಹಚ್ತೀವಿ" ಎಂದ.

ಅಳಿಯ ಅದರ ಚಿತ್ರ ತೆಗೆದುಕೊಂಡ. ಆ ರಾತ್ರಿ ಅವನ ಫೋನಿನಲ್ಲಿ ನೋಡಿದೆ: ಹೊಂಬಣ್ಣದ ಕೊಂಬಿನ ಬಾಟೀಸಿನ ಪಕ್ಕದಲ್ಲಿಯೇ ಎಣ್ಣೆಯಿಂದ ಕಪ್ಪಾದ ಆ ಕಲ್ಲು ಇತ್ತು.